ನೆಗ್ಗಿದ ಟ್ಯಾಂಕಿನ ಸೋಲಾರ್ ಬೀದಿ

ಸ್ನೇಹಿತರೇ, ಸೋಲಾರ್ ವಾಟರ್ ಹೀಟರ್ ಇಲ್ಲದ ಹೊಸ ಮನೆಗೆ ಕರೆಂಟ್ ಕೊಡುವುದಿಲ್ಲ ಎಂಬ ನಿಯಮವನ್ನು ನಂಬಿ, ಹೇರೋಹಳ್ಳಿಯಲ್ಲಿ ಕಟ್ಟಿಸಿದ ಮನೆಗೆ ನಾನೂ ಒಂದನ್ನು ಕೊಂಡು ಹಾಕಿಸಿದ್ದೆ. ಇವತ್ತು ತಪಾಸಣೆಗೆ ಬಂದ ಎಂಜಿನಿಯರ್ ತಾರಸಿ ಹತ್ತಿ, ಅದನ್ನು ನೋಡಿ ನಿಂತುಬಿಟ್ಟರು.

"ಆ ನೆಗ್ಗಿದ್ ಟ್ಯಾಂಕು ಎಲ್ರೀ?" ಎಂದು ನಮ್ಮ ವೈರಿಂಗ್ ಕಂಟ್ರಾಕ್ಟರನ್ನು ಕೇಳಿದರು.

"ಅದು ಹಿಂದಿನ ರಸ್ತೆಗೆ ಹೋಗಿದೆ ಸಾರ್. ಮೇಡಂ ಸ್ವಂತದ್ದೇ ತಗೊಂಡಿದಾರೆ."

ಆಗಲೇ ನನಗೆ ಅರ್ಥವಾಗಿದ್ದು. ನಮ್ಮ ಬೀದಿಯ ಮನೆಗಳೆಲ್ಲ ಒಂದೇ ಹಳೆಯ ಹೀಟರನ್ನು ತಪಾಸಣೆಯ ದಿನ ತಾರಸಿಗೇರಿಸಿ, ಫೋಟೋ ತೆಗೆಸಿ, ಸಂಜೆಗೆ ಇಳಿಸಿ ಕಳಿಸಿವೆ.

ಎಂಜಿನಿಯರ್ ನಲ್ಲಿ ತಿರುಗಿಸಿ ಬಿಸಿನೀರು ಮುಟ್ಟಿ ನೋಡಿದರು. "ಪೈಪೂ ಹಾಕ್ಸಿದೀರಾ?" ಎಂದು ಮರುಕದಿಂದ ಕೇಳಿ, ಸಹಿ ಹಾಕಿ ಹೋದರು.

ಅವರ ಬೆನ್ನಿಗೇ ಎದುರುಗಡೆ ಮನೆ ಕಟ್ಟಿಸುತ್ತಿರುವವರು ಬಂದರು. "ಮೇಡಂ, ನಾಳೆ ನಮ್ದು ಇನ್‌ಸ್ಪೆಕ್ಷನ್ನು. ನಿಮ್ದು ಬಿಚ್ಚಿ ಒಂದಿನ ಕೊಡಿ, ಫೋಟೋ ಚೆನ್ನಾಗಿ ಬರುತ್ತೆ."

ಆಗುವುದಿಲ್ಲ ಎಂದೆ.

"ಎದುರುಬದುರು ಬಾಳೋರು, ಇಷ್ಟೂ ಅಡ್ಜಸ್ಟ್ ಮಾಡ್ಕೊಳಲ್ವಾ?" ಎಂದು ಮುಖ ತಿರುಗಿಸಿಕೊಂಡು ಹೋದರು.

ಸರ್ಕಾರದ ಲೆಕ್ಕದಲ್ಲಿ ನಮ್ಮ ಬೀದಿಯ ಪ್ರತಿ ಮನೆಯ ಮೇಲೂ ಸೋಲಾರ್ ಇದೆ. ನಿಜವಾಗಿ ಇರುವುದು, ನೆರೆಹೊರೆಯವರ ಜೊತೆ ಹೊಂದಿಕೊಂಡು ಹೋಗಲು ಬಾರದ ಹೆಂಗಸೊಬ್ಬಳ ಮನೆಯ ಮೇಲೆ ಮಾತ್ರ.