ಕಲೋನ್ ಊರಿನ ಹೆಸರುಗಳು

ಮೊನ್ನೆ ಮಗಳಿಗೆ ಜ್ವರ ಬಂದಾಗ ಕಲೋನ್ ಸೀಸೆ ಹುಡುಕಿ ತೆಗೆದೆ. ಒದ್ದೆ ಬಟ್ಟೆಗೆ ನಾಲ್ಕು ಹನಿ ಹಾಕಿ ಹಣೆಗೆ ಇಟ್ಟದ್ದೇ ತಡ, ಆ ತಣ್ಣನೆಯ ವಾಸನೆಗೆ ಶಿಕಾರಿಪುರದ ನಮ್ಮ ಪಕ್ಕದ ಮನೆ ಕಣ್ಣೆದುರು ಬಂತು... ಅಲ್ಲಿ ನಿವೃತ್ತ ಚರಿತ್ರೆ ಮೇಷ್ಟ್ರು, ಅವರ ಹೆಂಡತಿ ಇದ್ದರು. ಆಕೆಯನ್ನು ನಾನು ಅಜ್ಜಿ ಎನ್ನುತ್ತಿದ್ದೆ.

ಅಜ್ಜಿಗೆ ಆಗಾಗ ತಲೆನೋವು. ಹಣೆಗೆ ಕಲೋನ್ ಬಟ್ಟೆ ಇಡುತ್ತಾ ಮೇಷ್ಟ್ರು ಆ ಸುಗಂಧ ಹುಟ್ಟಿದ ಜರ್ಮನಿಯ ಊರಿನ ಪುರಾಣ ಬಿಚ್ಚುತ್ತಿದ್ದರು. ಅವರ ಬಾಯಿಗೆ ಬೀಗ ಇರಲಿಲ್ಲ. ರೋಮನ್ನರ ದಾಖಲೆಯಲ್ಲಿ ಅದು ಕೊಲೋನಿಯಾ, ಜರ್ಮನ್ನರಿಗೆ ಕ್ಯೋಲ್ನ್, ಫ್ರೆಂಚರಿಗೆ ಕಲೋನ್, ಡಚ್ಚರಿಗೆ ಕ್ಯೋಲೆನ್. ನಮ್ಮ ತಾಳಗುಂದ ಹಳೆಯ ಶಾಸನಗಳಲ್ಲಿ ಸ್ಥಾನಕುಂದೂರು ಆಗಿರಲಿಲ್ಲವೇ, ಹಾಗೆ. ಕೇಳಿ ಕೇಳಿ ನನಗೂ ಬಾಯಿಪಾಠವಾಗಿತ್ತು.

"ಅಲ್ಲಿ ಹುಟ್ಟಿದೋಳೊಬ್ಳು ರಾಣಿ ಆದ್ಮೇಲೆ ಊರಿನ ಹೆಸ್ರಿಗೆ ತನ್ನ ಹೆಸ್ರೂ ಸೇರಿಸ್ಕೊಂಡ್ಲು," ಎಂದರು ಮೇಷ್ಟ್ರು ಒಮ್ಮೆ.

"ತವರಿಗೇ ತನ್ನ ಹೆಸ್ರಾ? ಪುಣ್ಯವಂತೆ ಕಣ್ರೀ," ಎಂದರು ಅಜ್ಜಿ, ಕಣ್ಣು ಮುಚ್ಚಿಕೊಂಡೇ.

ಅಜ್ಜಿಯ ತವರು ಸೊರಬದ ಕಡೆ, ಚಂದ್ರಗುತ್ತಿಯ ಹತ್ತಿರ. ಮದುವೆಯ ದಿನ ತಟ್ಟೆಯ ಅಕ್ಕಿಯಲ್ಲಿ ಉಂಗುರದಿಂದ ಹೊಸ ಹೆಸರು ಬರೆದು, ಹುಟ್ಟುಹೆಸರನ್ನು ಅಲ್ಲಿಗೇ ಬಿಡಿಸಿದ್ದರು. ಆಗೆಲ್ಲ ಅದೇ ಪದ್ಧತಿ. ಯಾರೂ ಕೇಡು ಬಗೆದು ಮಾಡಿದ್ದಲ್ಲ.

ಕೊನೆಯ ಜ್ವರದಲ್ಲಿ ಅಜ್ಜಿ ಆ ಹೊಸ ಹೆಸರಿಗೆ ಓಗೊಡುವುದನ್ನೇ ಬಿಟ್ಟರು. ಮೇಷ್ಟ್ರು ಕೂಗಿ ಕೂಗಿ ಸೋತರು. ನಾನು ಅಲ್ಲೇ ಮಂಚದ ಪಕ್ಕ ಇದ್ದೆ.

"ಅದು ನನ್ನ ಹೆಸ್ರಲ್ಲ ಕಣ್ರೀ," ಎಂದರು ಅಜ್ಜಿ, ಸ್ಪಷ್ಟವಾಗಿ. "ನನ್ನ ಹೆಸ್ರು ಹಿಡ್ದು ಒಂದ್ಸಲ ಕರೀರಿ."

ಮೇಷ್ಟ್ರು ಅಜ್ಜಿಯ ಹಣೆಯ ಬಟ್ಟೆ ತೆಗೆದು ಮತ್ತೆ ಒದ್ದೆ ಮಾಡಿದರು. ಅವರಿಗೆ ಆ ಹೆಸರು ನೆನಪಿರಲಿಲ್ಲ... ಅಜ್ಜಿ ಸ್ವಲ್ಪ ಹೊತ್ತು ಕಾದು, ಗೋಡೆಯ ಕಡೆ ಮಗ್ಗುಲಾದರು. ಆಮೇಲೆ ಮಾತಾಡಲೇ ಇಲ್ಲ. ಮರುದಿನ ಹೋಗಿಬಿಟ್ಟರು.

ಮಣ್ಣು ಮಾಡಿ ಕೆಲವು ದಿನಗಳಾದ ಮೇಲೆ ಮೇಷ್ಟ್ರು ಆ ಹೆಸರು ಕೇಳಿ ಬರಲು ನನ್ನನ್ನೂ ಕರೆದುಕೊಂಡು ಸೊರಬದ ಬಸ್ಸು ಹತ್ತಿದರು. ತವರಿನಲ್ಲಿ ಉಳಿದಿದ್ದವರು ಅಜ್ಜಿಯ ತಮ್ಮನ ಹೆಂಡತಿ ಒಬ್ಬರೇ.

"ನಾನು ಈ ಮನೆಗೆ ಬರೋ ಹೊತ್ತಿಗೆ ಅವ್ರ ಮದ್ವೆ ಆಗಿತ್ತಲ್ರೀ. ನಮಗೆಲ್ಲ ಅವ್ರು ಶಿಕಾರಿಪುರದಕ್ಕ, ಅಷ್ಟೇ," ಎಂದರು ಆಕೆ.

ವಾಪಸು ಬರುವಾಗ ಮೇಷ್ಟ್ರು ಬಸ್ಸಿನ ಕಿಟಕಿಗೆ ಮುಖ ಮಾಡಿ ಅತ್ತರು. ನನಗೆ ಅವರ ಮೇಲೆ ಸಿಟ್ಟೂ ಬಂತು, ಅಯ್ಯೋ ಪಾಪ ಎಂದೂ ಅನಿಸಿತು. ಮತ್ತೆಂದೂ ಅವರು ಕಲೋನ್ ಊರಿನ ಸುದ್ದಿ ಎತ್ತಲಿಲ್ಲ.

ಈಗ ಮೇಷ್ಟ್ರೂ ಇಲ್ಲ. ಮಗಳ ಹಣೆಯ ಬಟ್ಟೆ ಬದಲಿಸುತ್ತಾ ಅವಳನ್ನು ಹೆಸರು ಹಿಡಿದು ಕರೆದೆ, ಸುಮ್ಮನೆ. "ಏನಮ್ಮಾ?" ಎಂದಳು. ಆ ಜರ್ಮನ್ ಊರಿನ ಹೆಸರುಗಳೆಲ್ಲ ಇವತ್ತಿಗೂ ನನ್ನ ಬಾಯಿಗೆ ಬರುತ್ತವೆ. ಅಜ್ಜಿಯ ಹೆಸರೊಂದು ಮಾತ್ರ ಯಾರ ಬಾಯಲ್ಲೂ ಉಳಿಯಲಿಲ್ಲ.