ಚಾನೆಲ್ ಆಫ್ ಮಾಡಿದವನನ್ನು ಹುಡುಕಿಕೊಂಡು

ಶ್ರೀರಂಗಪಟ್ಟಣದಲ್ಲಿ ಪಾಂಡವಪುರದ ಬಸ್ಸು ಹತ್ತುವಾಗಲೇ ನನಗೆ ಸಾಕುಸಾಕಾಗಿತ್ತು. ಆಷಾಢದ ಗಾಳಿ ಕಣ್ಣಿಗೆಲ್ಲ ದೂಳು ತುಂಬುತ್ತಿತ್ತು. ಬಸ್ಸಿನ ತುಂಬ ಹೆಂಗಸರು. ಅವರಿಗೆ ಟಿಕೆಟ್ ಇಲ್ಲ, ಸೀಟು ಉಂಟು. ನನ್ನಂಥವರಿಗೆ ಟಿಕೆಟ್ ಉಂಟು, ಸೀಟು ಇಲ್ಲ. ಹೊರಟ ಕೆಲಸವಾದರೂ ಎಂಥದು? ಒಂದು ಲೋಕಲ್ ಚಾನೆಲ್ ಆಫ್ ಆಗಿದೆ, ಯಾರು ಆಫ್ ಮಾಡಿಸಿದರು ಅಂತ ವಿಚಾರಿಸಿಕೊಂಡು ಬರಬೇಕು. ಮೈಸೂರಿನಲ್ಲಿ ಮೂವತ್ತು ವರ್ಷ ರೇಡಿಯೋ ಸುದ್ದಿ ಓದಿ, ಈಗ ಪಿಂಚಣಿಯಲ್ಲಿ ಕಾಲ ಹಾಕುತ್ತಿರುವವನಿಗೆ ಇಲ್ಲದ ಉಸಾಬರಿ ಯಾಕೆ ಎಂದು ಹೆಂಡತಿ ಕೇಳಿದ್ದಳು. 

ಕರೆದವನು ಪಾಂಡವಪುರದ ನಾಗಾಚಾರಿ. ಹಿಂದೊಮ್ಮೆ ನನ್ನ ಬಳಿ ಸುದ್ದಿ ಓದುವುದನ್ನು ಕಲಿತು ಹೋದವನು. ಅವನಪ್ಪ ಅಕ್ಕಸಾಲಿ. ಅಪ್ಪ ಒಡವೆ ಮಾಡುತ್ತಿದ್ದ ಅಂಗಡಿಯಲ್ಲೇ ಮಗ ನೀಲಿ ಪರದೆ ಕಟ್ಟಿ ಕೇಬಲ್ ಚಾನೆಲ್ ನಡೆಸುತ್ತಾನೆ. ಚಾನೆಲ್ ಬದುಕಿರುವುದು ಸತ್ತವರಿಂದ. ಈ ಸೀಮೆಯಲ್ಲಿ ಯಾರೇ ತೀರಿಕೊಂಡರೂ ತಿಥಿಯೊಳಗೆ ಅವರ ಫೋಟೊ ಕೇಬಲ್ಲಿನಲ್ಲಿ ಬರಬೇಕು. ಬರದಿದ್ದರೆ ನೆಂಟರು ಊಟಕ್ಕೆ ಕೂತು ಆಡಿಕೊಳ್ಳುತ್ತಾರೆ. ಶ್ರದ್ಧಾಂಜಲಿಗಳ ನಡುವೆ ಸಂಜೆ ಅರ್ಧ ಗಂಟೆ ಸುದ್ದಿ. ಆ ಅರ್ಧ ಗಂಟೆಯೇ ಈಗ ತಾಪತ್ರಯ ತಂದಿತ್ತು.

ಚಿನಕುರಳಿಯ ಹತ್ತಿರ ಕಲ್ಲು ಕ್ವಾರಿಯವರು ಸಿಡಿಮದ್ದು ಇಡುತ್ತಾರೆ. ಊರಿನ ಜಯಮ್ಮ ಎಂಬಾಕೆಯ ಮನೆ ಗೋಡೆ ಬಿರುಕುಬಿಟ್ಟದ್ದನ್ನು ನಾಗಾಚಾರಿ ತೋರಿಸಿದ. ಅದನ್ನು ನೋಡಿದ ಗಣಿ ಇಲಾಖೆಯ ಅಧಿಕಾರಿಗಳು ಬಂದು ಪರೀಕ್ಷಿಸುತ್ತೇವೆ ಎಂದರು. ಆ ತಪಾಸಣೆ ನಾಳಿದ್ದು. ಗೋಡೆ ಬಿರಿದವರೆಲ್ಲ ಅಂದು ಬನ್ನಿ ಎಂದು ಹೇಳಬೇಕೆನ್ನುವಷ್ಟರಲ್ಲಿ ಚಾನೆಲ್ಲೇ ಮಾಯ.

"ಫೋನ್‌ನಲ್ಲಿ ಹಾಕಬಹುದಲ್ಲಪ್ಪ?" ಎಂದೆ, ಪಾಂಡವಪುರದ ಅವನ ಅಂಗಡಿಯಲ್ಲಿ ಕೂತು.

"ಹಾಕಿವ್ನಿ ಸಾರ್. ಐಕ್ಳು ನೋಡ್ತವೆ, ಬೆರಳಲ್ಲಿ ತಳ್ಳಿ ಮುಂದುಕ್ಕೋಯ್ತವೆ. ಮನೆ ಯಜಮಾನ್ರು ನೋಡಾದು ಕೇಬಲ್ಲೇಯ. ಕೇಬಲ್ಲಲ್ಲಿ ಬಂದ್ರೆ ಸರ್ಕಾರವೇ ಕೂಗ್ದಂಗೆ ಅವ್ರಿಗೆ."

ಊರಿನ ಕೇಬಲ್‌ನವನನ್ನು ಕೇಳಿದರೆ ಕೆ.ಆರ್. ಪೇಟೆಯಿಂದಲೇ ಸಿಗ್ನಲ್ ಬರುತ್ತಿಲ್ಲ ಎಂದ. ಕಾನೂನಿನ ಪ್ರಕಾರ ಚಾನೆಲ್ ನಿಲ್ಲಿಸಬೇಕಾದರೆ ಅಧಿಕಾರಿ ಕಾರಣ ಕೊಟ್ಟು ಲಿಖಿತ ಆದೇಶ ಹೊರಡಿಸಬೇಕು. ಅಂಥ ಆದೇಶ ಸಿಕ್ಕರೆ ನ್ಯಾಯ ಕೇಳಬಹುದು. ನಾನು ಹೊರಟದ್ದು ಅದನ್ನು ಹುಡುಕಿಕೊಂಡು.

ಮಧ್ಯಾಹ್ನ ಚಿನಕುರಳಿಯಲ್ಲಿ ಇಳಿದೆ. ಜಯಮ್ಮ ಡೈರಿಗೆ ಹಾಲು ಹಾಕುವ ಗಟ್ಟಿ ಹೆಂಗಸು, ಐವತ್ತರ ಆಸುಪಾಸು. ಬಿರುಕಿನೊಳಗೆ ನನ್ನ ಅಂಗೈ ಸಲೀಸಾಗಿ ಹೋಯಿತು. ಒಳಗೆ ಹಳೇ ಸೀರೆ ತುರುಕಿದ್ದಳು, ಚೇಳು ಬರದಿರಲಿ ಎಂದು.

"ಬೀದಿ ತುಂಬ ಗೋಡೆ ಬಿರ್ದವೆ ಕಣಪ್ಪ. ಕರೆಯಕೋದ್ರೆ ಬಾಗ್ಲಾಕತಾರೆ. ನಂದೊಂದೇ ಮನೆ ಇದ್ರೆ ಆಪೀಸರು 'ಅಳೇ ಮನೆ ಕಣಮ್ಮ, ಅದ್ಕೇ ಬಿರ್ದದೆ' ಅಂತ ಬರ್ಕೊಂಡು ಒಂಟೋಯ್ತಾರೆ. ಆಮೇಲೆ ನಾನ್ ಸೂರಿಲ್ದೆ ಎಲ್ಲಿಗೋಗ್ಲಿ?"

ಕಾಫಿ ಕುಡಿದು ಕೆ.ಆರ್. ಪೇಟೆಯ ಬಸ್ಸು ಹಿಡಿದೆ. ಕಬ್ಬಿನ ಟ್ರಾಕ್ಟರಿನ ಹಿಂದೆ ಸಿಕ್ಕಿಕೊಂಡು ಬಸ್ಸು ತೆವಳಿತು, ಇಳಿಯುವಾಗ ಮಂಡಿ ಹಿಡಿದುಕೊಂಡಿತ್ತು. ಅಲ್ಲಿಯ ಕೇಬಲ್ ಆಫೀಸು ಬೇಕರಿಯೊಂದರ ಮೇಲೆ. ಕೂತಿದ್ದವನು ತಲೆಯೆತ್ತದೆ ಹೇಳಿದ: "ನಮ್ದೇನಿಲ್ಲ ಸಾ. ನಾಗಮಂಗ್ಲದಿಂದ ಬಂದ್ರೆ ಮುಂದುಕ್ ಬುಡ್ತೀವಿ. ಬರ್ನಿಲ್ಲ ಅಂದ್ರೆ ಎಲ್ಲಿಂದ ಬುಡಾನ?" ರಾತ್ರಿ ಮುದ್ದೆ, ಉಪ್ಸಾರು ಉಂಡು ಲಾಡ್ಜಿನಲ್ಲಿ ಮಲಗಿದೆ. ಊಟ ಚೆನ್ನಾಗಿತ್ತು, ನಿದ್ದೆ ಬರಲಿಲ್ಲ.

ಬೆಳಿಗ್ಗೆ ನಾಗಮಂಗಲದ ಬಸ್ಸಿಗೆ ಹೊತ್ತಿತ್ತು, ಆಟೋದಲ್ಲಿ ಹೊಸಹೊಳಲಿಗೆ ಹೋದೆ. ಅಷ್ಟು ಚೆಂದದ ದೇವಸ್ಥಾನ, ನೋಡುವ ತಾಳ್ಮೆ ನನಗಿರಲಿಲ್ಲ. ತಣ್ಣನೆಯ ಕಲ್ಲಿನ ಮೇಲೆ ಸುಮ್ಮನೆ ಕೂತೆ. ತುರ್ತು ಪರಿಸ್ಥಿತಿಯ ಕಾಲದ ನಮ್ಮ ಹಿರಿಯರು ಹೇಳುತ್ತಿದ್ದುದು ನೆನಪಾಯಿತು. ಆಗ ಪತ್ರಿಕೆಗೆ ಕತ್ತರಿ ಹಾಕಲು ಒಬ್ಬ ಅಧಿಕಾರಿ ಇರುತ್ತಿದ್ದನಂತೆ. ಕೆಟ್ಟವನೋ ಒಳ್ಳೆಯವನೋ, ಜಗಳವಾಡಲು ಒಂದು ಮುಖವಾದರೂ ಇತ್ತು. ಈಗ ಆ ಮುಖ ಹುಡುಕಲು ಬಸ್ ಚಾರ್ಜು ಕೊಟ್ಟು ಅಲೆಯಬೇಕಾಗಿದೆ.

ನಾಗಮಂಗಲದ ಕಂಟ್ರೋಲ್ ರೂಮು ಇಕ್ಕಟ್ಟಿನ ಓಣಿಯಲ್ಲಿತ್ತು. ಈ ಸುತ್ತಿನ ಲೋಕಲ್ ಚಾನೆಲ್‌ಗಳೆಲ್ಲ ಮನೆಮನೆಗೆ ಹೋಗುವುದು ಇಲ್ಲಿಂದಲೇ. ನೋಡಿಕೊಳ್ಳುವ ಬೋರೇಗೌಡ ನನ್ನ ಹಳೆಯ ಧ್ವನಿಯ ಗುರುತು ಹಿಡಿದು ಕುರ್ಚಿ ಒರೆಸಿ ಕೂರಿಸಿದ, ಎಳನೀರು ತರಿಸಿದ. ಜಗಳಕ್ಕೆಂದು ಹೋದವನಿಗೆ ಇದೊಂದು ಪೀಕಲಾಟ.

"ಆ ಚಾನೆಲ್ ನಿಲ್ಲಿಸಿ ಅಂತ ಆದೇಶ ಕೊಟ್ಟವರು ಯಾರು ಗೌಡರೇ?"

"ಯಾರೂ ಏಳ್ನಿಲ್ಲ ಸಾ."

"ಕ್ವಾರಿಯವರು?"

"ಒಂದು ಫೋನೂ ಮಾಡ್ನಿಲ್ಲ. ಸುದ್ದಿ ನೋಡ್ದೆ, ನಾನೇ ಆಫ್ ಮಾಡ್ಬುಟ್ಟೆ. ನಮ್ ವೈರೆಲ್ಲ ಎಳ್ದಿರಾದು ಕರೆಂಟ್ ಕಂಬದ ಮೇಲೆ ಸಾ. ನಾಳೆ ಯಾರೋ ಕಟಿಂಗ್ ಪ್ಲೇಯರ್ ಇಡ್ಕೊಂಡು ಕಂಬ ಅತ್ತುದ್ರೆ ನಾನ್ ಯಾರನ್ ಕೇಳ್ಲಿ? ಅವ್ರು ಏಳಗಂಟ ಕಾಯ್ತಾ ಕೂರಕಾಯ್ತದಾ?"

"ಯಾರೂ ಹೇಳಿಲ್ಲ ಅಂದಮೇಲೆ ಆನ್ ಮಾಡಿಬಿಡಿ."

ಬೋರೇಗೌಡ ನನ್ನನ್ನು ಮರುಕದಿಂದ ನೋಡಿದ. "ಆಫ್ ಮಾಡಾಕೆ ಯಾರೂ ಏಳ್ಬೇಕಾಗಿಲ್ಲ ಸಾ. ಆನ್ ಮಾಡಾಕೆ ಯಾರಾರಾ ಏಳ್ಬೇಕಲ್ಲಾ. ನಾಳೆ ಕೇಳುದ್ರೆ ತೋರ್ಸಾಕೆ ಒಂದೆಸ್ರು ಬೇಕು ನಂಗೆ. ಚಾನೆಲ್‌ನೋನ್ದು ನಡೆಯಕಿಲ್ಲ."

ಒಂದು ಹೆಸರು ಅವನ ಎದುರಿಗೇ ಎಳನೀರು ಕುಡಿಯುತ್ತ ಕೂತಿತ್ತು. ಬಸ್ಸಿಗೆ ಹೊತ್ತಾಯಿತೆಂದು ಎದ್ದುಬಂದೆ.

ಮಳೆ ಹನಿಯುತ್ತಿತ್ತು. ಪಾಂಡವಪುರ ತಲುಪಿದಾಗ ಮೂರು ದಾಟಿತ್ತು. ನಾಗಾಚಾರಿಯ ಅಂಗಡಿಯಲ್ಲಿ ಜಯಮ್ಮ ಆಗಲೇ ಬಂದು ಕೂತಿದ್ದಳು, ಮಾರನೆಯ ದಿನ ಅವಳ ಮನೆಯ ತಪಾಸಣೆ. ನಡೆದದ್ದನ್ನು ಹೇಳಿದೆ. ಇಬ್ಬರೂ ನನ್ನ ಮುಖವನ್ನೇ ನೋಡಿದರು.

"ಸಾರ್, ನೀವು ಒಂದು ಮಾತು..." ಎಂದ ನಾಗಾಚಾರಿ.

ನನಗೆ ಪಿಂಚಣಿ ನೆನಪಾಯಿತು, ಹೆಂಡತಿ ನೆನಪಾದಳು, ಕೋರ್ಟು ಕಚೇರಿ ನೆನಪಾಯಿತು. ನಾನು ಹೊರಗಿನವನು, ನನ್ನ ಹೆಸರಿಗೆ ಯಾವ ಬೆಲೆ ಎಂದು ಏನೇನೋ ಗೊಣಗಿದೆ.

"ಒಂದೆಸ್ರು ತಾನೆ? ಫೋನ್ ಮಾಡ್ಕೊಡ್ಲಾ ನಾಗಾ," ಎಂದಳು ಜಯಮ್ಮ. ಅವನು ಬೋರೇಗೌಡನಿಗೆ ಹಚ್ಚಿ, ಸ್ಪೀಕರ್ ಹಾಕಿ ಕೊಟ್ಟ.

"ಯಪ್ಪಾ, ಚಾನೆಲ್ ಆನ್ ಮಾಡು. ನಾನ್ ಏಳ್ತಾ ಇವ್ನಿ, ಜಯಮ್ಮ, ಚಿನಕುರಳಿ."

"ತಾವು ಯಾವ್ ಡಿಪಾರ್ಟ್‌ಮೆಂಟ್ ಮೇಡಂ?"

"ನಂದು ಗೋಡೆ ಬಿರ್ದಿರ ಮನೆ ಕಣಪ್ಪ. ನಾಳೆ ಯಾರಾರಾ ಕೇಳುದ್ರೆ ನನ್ ಮನೆ ತಾವುಕ್ಕೆ ಕಳ್ಸು. ಬಾಗ್ಲು ತಗ್ದೇ ಇರ್ತದೆ."

ಆ ಕಡೆಯವನು ಅವಳ ಹೆಸರು, ಊರು ಇನ್ನೊಮ್ಮೆ ಕೇಳಿಕೊಂಡ. ಆಮೇಲೆ "ನೋಡ್ತೀನಿ ಕಣವ್ವ" ಎಂದು ಬೋರೇಗೌಡ ಇಟ್ಟುಬಿಟ್ಟ. ನಾವು ಟೀವಿಯ ಮುಂದೆ ಕೂತೆವು. ಏನೂ ಬರಲಿಲ್ಲ. ಇನ್ನು ಕಾಯುವ ಶಕ್ತಿ ನನಗಿರಲಿಲ್ಲ, ಹೇಳಿ ಹೊರಟೆ.

ಶ್ರೀರಂಗಪಟ್ಟಣದಲ್ಲಿ ಇಳಿದು ನಿಲ್ದಾಣದ ಹೋಟೆಲಿನಲ್ಲಿ ಕಾಫಿ ಹೇಳಿದೆ. ಗಲ್ಲಾದ ಮೇಲೆ ಟೀವಿ ಓಡುತ್ತಿತ್ತು. ಹೋಟೆಲಿನವನಿಗೆ ಹೇಳಿ ನಾಗಾಚಾರಿಯ ಚಾನೆಲ್ ಹಾಕಿಸಿದೆ. ಬಂತು! ಯಾರೋ ಯಜಮಾನರ ಶ್ರದ್ಧಾಂಜಲಿ ಮುಗಿದು ನಾಗಾಚಾರಿ ಕಾಣಿಸಿಕೊಂಡ: ಗೋಡೆ ಬಿರಿದವರೆಲ್ಲ ನಾಳೆ ಬೆಳಿಗ್ಗೆ ಜಯಮ್ಮನ ಮನೆಯ ಮುಂದೆ ಸೇರಬೇಕು. ಅವನು ಓದುತ್ತಿದ್ದಷ್ಟು ಹೊತ್ತೂ ಪರದೆಯ ಕೆಳಗೆ ನಾಗಮಂಗಲದಿಂದ ಹಾಕಿದ ಸಾಲೊಂದು ಹರಿಯುತ್ತಿತ್ತು: "ಈ ಪ್ರಸಾರವು ಚಿನಕುರಳಿಯ ಶ್ರೀಮತಿ ಜಯಮ್ಮನವರ ಅಪ್ಪಣೆ ಮೇರೆಗೆ. ಇದಕ್ಕೆ ಅವರೇ ಜವಾಬ್ದಾರರು."

ಮೈಸೂರಿನ ಬಸ್ಸು ಬಂದು ನಿಂತಿತು. ಆ ಸಾಲು ಇನ್ನೊಮ್ಮೆ ಪೂರ್ತಿ ಹರಿದುಹೋಗುವವರೆಗೆ ನಿಂತು ಓದಿದೆ. ಅದರಲ್ಲಿ ನನ್ನ ಹೆಸರಿರಲಿಲ್ಲ. ಸುಳ್ಳೇಕೆ ಹೇಳಲಿ, ನನಗೆ ಸಮಾಧಾನವಾಯಿತು.