ಎರಡು ಸರಪಳಿಯ ಸುಳ್ಳು

ಸರಪಳಿಯಣ್ಣನಿಗೆ ಆ ಹೆಸರು ಅಂಟಿಕೊಂಡದ್ದು ಸರ್ವೆ ಕಚೇರಿಯಲ್ಲಿ. ಮೂವತ್ತಾರು ವರ್ಷ ಅಳತೆಯ ಸರಪಳಿಯ ಮುಂದಿನ ತುದಿ ಹಿಡಿದು ಗುಡ್ಡ, ಹಳ್ಳ, ಮುಳ್ಳುಕಂಟಿ ಎನ್ನದೆ ನಡೆದವನು. ನಿವೃತ್ತನಾದ ಮೇಲೂ ಹೆಜ್ಜೆ ಎಣಿಸುವ ಚಟ ಬಿಡಲಿಲ್ಲ. ಹಾಲಿನ ಅಂಗಡಿ ಎಷ್ಟು ದೂರ ಎಂದು ಯಾರಾದರೂ ಕೇಳಿದರೆ ನಿಮಿಷದ ಲೆಕ್ಕ ಹೇಳುತ್ತಿರಲಿಲ್ಲ, ನೂರು ಕೊಂಡಿಗೆ ಒಂದರಂತೆ ಸರಪಳಿಯ ಲೆಕ್ಕ ಹೇಳುತ್ತಿದ್ದ. ಕೇಳಿದವರು ತಲೆ ಕೆರೆದುಕೊಂಡು ಹೋಗುತ್ತಿದ್ದರು.

ಅದೇ ಕಚೇರಿಯ ಗೇಟಿನ ಎದುರು ಈಗ ಅವನ ಅಕ್ಕ ಧರಣಿ ಕೂತಿದ್ದಳು. ಒಬ್ಬಳೇ ಅಲ್ಲ, ಗುಡ್ಡದ ಜನ ಪಾಳಿಯ ಮೇಲೆ ಬಂದು ಕೂರುತ್ತಿದ್ದರು. ಕಚೇರಿ, ರಸ್ತೆ, ಪೇಟೆ ಇವೆಲ್ಲ ಹುಟ್ಟುವ ಮೊದಲಿನಿಂದ ಆ ಗುಡ್ಡದಲ್ಲಿ ಬಾಳಿದ ಜನ. ಈಗ ಒಂದು ಕಂಪನಿ ಅಲ್ಲಿ ಕಲ್ಲಿನ ಕ್ವಾರಿ ತೆಗೆಯಲು ಹೊರಟಿತ್ತು. ಗುಡ್ಡದ ನಡುವೆ, ಪೊದೆಗಳ ಮರೆಯಲ್ಲಿ, ಬೇಸಿಗೆಯಲ್ಲೂ ಬತ್ತದ ಒಂದು ಒರತೆ. ಮೂವತ್ತು ಮನೆಗಳಿಗೆ ಅದೇ ನೀರು. ಸರ್ಕಾರದ ನಕ್ಷೆಯಲ್ಲಿ ಮಾತ್ರ ಆ ಜಾಗಕ್ಕೆ ‘ಬರಡು ಬಂಡೆ’ ಎಂದು ಬರೆದಿತ್ತು.

ನೀಲಿ ಟಾರ್ಪಾಲಿನ ಕೆಳಗೆ ಅಕ್ಕನ ದರಬಾರು. ಅಡುಗೆ ಯಾರದು, ನೀರು ಹೊರುವವರು ಯಾರು, ಎಲ್ಲ ಅವಳ ನಾಲಿಗೆ ತುದಿಯಲ್ಲಿ. ಮಧ್ಯಾಹ್ನ ಮಕ್ಕಳನ್ನು ಕೂರಿಸಿಕೊಂಡು, ಶಾಲೆಯಲ್ಲಿ ಯಾರೂ ಕಲಿಸದ ತಮ್ಮ ಮನೆಮಾತಿನ ಪದ ಹೇಳಿಕೊಡುತ್ತಿದ್ದಳು. ಸಂಜೆ ಎದ್ದು ನಿಂತು, ಸೊಂಟಕ್ಕೆ ಕೈಕೊಟ್ಟು, ಕಚೇರಿಯ ಕಿಟಕಿಗಳಿಗೆ ಕೇಳುವ ಹಾಗೆ ಶಾಪ ಹಾಕುತ್ತಿದ್ದಳು.

“ನಮ್ಮ ನೀರನ್ನ ನಕ್ಷೆಯಿಂದ ಅಳಿಸಿದವನು ಯಾವನೋ, ಅವನ ಬಾಯಿಗೆ ಒಂದು ತೊಟ್ಟು ನೀರು ಸಿಗದೇ ಹೋಗ್ಲಿ!”

ಆ ‘ಯಾವನೋ’ ಅವಳ ಹಿಂದೆಯೇ ಚಹಾದ ಫ್ಲಾಸ್ಕ್ ಹಿಡಿದುಕೊಂಡು ನಿಂತಿರುತ್ತಿದ್ದ.

ನಡೆದದ್ದು ಐವತ್ತು ವರ್ಷದ ಹಿಂದೆ, ಸರಪಳಿಯಣ್ಣ ಕೆಲಸಕ್ಕೆ ಸೇರಿದ ಹೊಸತರಲ್ಲಿ. ಅದಕ್ಕೂ ಮುಂಚೆ ಗುಡ್ಡದ ಕೆಳಗಿನ ಎರಡು ಒರತೆಗಳನ್ನು ಹಿರಿಯರು ನಂಬಿ ಹೊರಗಿನವರಿಗೆ ತೋರಿಸಿದ್ದರು. ವರ್ಷದೊಳಗೆ ಎರಡಕ್ಕೂ ಬೇಲಿ ಬಿತ್ತು. ಅಂದಿನಿಂದ ಮೇಲಿನ ಒರತೆಯ ಬಗ್ಗೆ ಗುಡ್ಡದವರ ಬಾಯಿಗೆ ಬೀಗ. ಅದರ ಹೆಸರನ್ನೂ ಪರರ ಮುಂದೆ ಎತ್ತುತ್ತಿರಲಿಲ್ಲ. “ಅವರ ಸರಪಳಿ ಹಿಡಿ, ಬೇಡ ಅನ್ನಲ್ಲ. ನಮ್ಮ ನೀರನ್ನ ಮಾತ್ರ ತೋರಿಸಬೇಡ” ಎಂದು ಅವ್ವ ಕೈಹಿಡಿದು ಹೇಳಿದ್ದಳು.

ಸರ್ವೆ ಆ ಗುಡ್ಡಕ್ಕೇ ಬಂತು. ಸರ್ವೆಯರ್ ಸಾಹೇಬರು ಮಹಾ ಸೋಮಾರಿ. ಮೂರನೇ ಗಡಿಕಲ್ಲಿನ ಹತ್ತಿರ ಮರದ ನೆರಳಲ್ಲಿ ಕೂತು, ಮುಂದಿನ ತುದಿ ಹಿಡಿದ ಸರಪಳಿಯಣ್ಣ ಕೂಗಿದ ಲೆಕ್ಕವನ್ನು ಬರೆದುಕೊಂಡರು. ಸರಪಳಿ ನೇರವಾಗಿ ಹೋಗಿದ್ದರೆ ಒರತೆಯ ಮೇಲೆಯೇ ಹಾಯಬೇಕು. ಹುಡುಗ ಅದನ್ನು ಪೊದೆಗಳ ಹಿಂದಿನಿಂದ ಬಳಸಿ ಎಳೆದ. “ಮಧ್ಯೆ ಏನಿದೆಯೋ?” ಎಂದು ಸಾಹೇಬರು ಕೂಗಿದರು. “ಬಂಡೆ ಸಾರ್, ಬರೀ ಬಂಡೆ!” ಎಂದು ಇವನು ಕೂಗಿದ. ಸರ್ಕಾರದ ಕಣ್ಣಿಗೆ ಮಣ್ಣೆರಚಿದೆ ಎಂದು ಆ ದಿನ ಅವನು ಹಿಗ್ಗಿದ್ದೇ ಹಿಗ್ಗಿದ್ದು.

ಬಚ್ಚಿಟ್ಟದ್ದೇ ಮುಳುವಾಯಿತು. ಸರ್ವೆಯವರು ನೀರು ಕಂಡೂ ಬೇಕೆಂದೇ ಅಳಿಸಿದರೆಂದು ನಂಬಿದ್ದ ಅಕ್ಕ ಧರಣಿಯ ಮೊದಲಲ್ಲಿ ಒಮ್ಮೆ ಕೇಳಿದ್ದಳು, “ನಮ್ಮ ಗುಡ್ಡ ಅಳೆದಾಗ ನೀನೆಲ್ಲಿ ಸತ್ತಿದ್ದೆಯೋ?” ಎಂದು. “ಬೇರೆ ಕಡೆ ಡ್ಯೂಟಿ ಇತ್ತಕ್ಕ” ಎಂದುಬಿಟ್ಟಿದ್ದ. ಆಮೇಲೆ ಅವಳ ಎದುರು ನೀರಿನ ಲೋಟ ಎತ್ತುತ್ತಿರಲಿಲ್ಲ. ಶಾಪಗೀಪ ನಂಬುವ ಆಸಾಮಿ ಅಲ್ಲ, ಆದರೂ ಗೋಡೆಯ ಮರೆಗೆ ಹೋಗಿ ಕುಡಿದು ಬರುತ್ತಿದ್ದ.

ಇಪ್ಪತ್ತನೆಯ ದಿನ ಅಧಿಕಾರಿ ಎರಡೂ ಕಡೆಯವರನ್ನು ಒಳಗೆ ಕರೆಸಿದರು. ಸಣ್ಣ ಕೋಣೆ, ಕಿರುಗುಟ್ಟುವ ಫ್ಯಾನು, ಕುರ್ಚಿ ಸಾಲದೆ ಅರ್ಧ ಜನ ನಿಂತೇ ಇದ್ದರು. ಕಂಪನಿಯ ವಕೀಲ ನಕ್ಷೆಯನ್ನು ಮೇಜಿನ ಮೇಲೆ ಹರಡಿದ.

“ಒರತೆ ಅಂತ ಇವರು ತೋರಿಸ್ತಿರೋದು ಮೊನ್ನೆ ಮೊನ್ನೆ ತೋಡಿದ ಗುಂಡಿ ಸಾರ್. ಮೊದಲಿಂದ ನೀರಿದ್ದಿದ್ರೆ ನಕ್ಷೆಯಲ್ಲಿ ಇರ್ತಿರಲಿಲ್ವಾ?”

“ನಿಮ್ಮ ಹತ್ರ ಏನಾದ್ರೂ ಹಳೇ ದಾಖಲೆ ಇದೆಯೇನಮ್ಮ?” ಎಂದರು ಅಧಿಕಾರಿ. ಮೂರು ಬೀದಿಗೆ ಕೇಳುವಷ್ಟು ಬಾಯಿದ್ದ ಅಕ್ಕ, “ಕಾಗದ ಇಲ್ಲ” ಎಂದಳು, ಪಕ್ಕದವರಿಗಷ್ಟೇ ಕೇಳುವಂತೆ.

ಸರಪಳಿಯಣ್ಣ ಬಾಗಿಲ ಬಳಿಯಿಂದ ಮುಂದೆ ಬಂದ. ಮೇಜಿಗೆ ಏಳು ಹೆಜ್ಜೆ. ಎಣಿಸಿದ.

“ಆವತ್ತು ಸರಪಳಿ ಹಿಡಿದವನು ನಾನೇ ಸಾರ್. ನೀರಿತ್ತು. ಇಲ್ಲ ಅಂತ ನಾನೇ ಸುಳ್ಳು ಹೇಳಿದೆ.”

ಅಕ್ಕ ತಿರುಗಿ ನೋಡಿದಳು. ಅವನು ಆ ಕಡೆ ನೋಡುವ ಧೈರ್ಯ ಮಾಡಲಿಲ್ಲ.

ವಕೀಲ ನಕ್ಕುಬಿಟ್ಟ. “ಅಕ್ಕನಿಗೋಸ್ಕರ ತಮ್ಮ ಕಥೆ ಕಟ್ತಿದ್ದಾನೆ ಸಾರ್.”

“ಹಳೇ ಅಳತೆ ಪುಸ್ತಕ ತೆಗೆಸಿ ನೋಡಿ ಸಾರ್. ಮೂರನೇ ಕಲ್ಲಿಂದ ನಾಲ್ಕನೇ ಕಲ್ಲಿಗೆ ಹದಿನಾಲ್ಕು ಸರಪಳಿ ಅಂತಿರುತ್ತೆ. ನೆಲದ ಮೇಲೆ ಇರೋದು ಹನ್ನೆರಡೇ. ಮಿಕ್ಕ ಎರಡು, ನಾನು ನೀರನ್ನ ತಪ್ಪಿಸಿ ಸುತ್ತುಬಳಸಿ ಹೋಗಿದ್ದು.”

ಧೂಳು ಕೊಡವಿ ಪುಸ್ತಕ ತಂದರು. ಹದಿನಾಲ್ಕು ಎಂದೇ ಇತ್ತು. ಅಧಿಕಾರಿ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ಓದಿದರು. ಸ್ಥಳದಲ್ಲೇ ಮತ್ತೆ ಅಳೆಯಬೇಕೆಂದು ಬರೆದರು.

ಅಳತೆಯ ದಿನ ಬರಲು ಎಂಟು ದಿನ ಹಿಡಿಯಿತು. ಆ ಎಂಟು ದಿನವೂ ಅಕ್ಕ ಅವನೊಡನೆ ಮಾತಾಡಲಿಲ್ಲ. ಬೈಯಲೂ ಇಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಶಾಪವಂತೂ ನಿಂತುಹೋಯಿತು, ಅವನು ತಂದ ಚಹಾ ಹಾಗೇ ತಣ್ಣಗಾಗುತ್ತಿತ್ತು.

ಒಂಬತ್ತನೆಯ ದಿನ ಬೆಳಿಗ್ಗೆ ಎಲ್ಲರೂ ಗುಡ್ಡ ಹತ್ತಿದರು. ಹೊಸ ಕಾಲದ ಸರ್ವೆಯರ್ ಹುಡುಗಿ ಮೂರು ಕಾಲಿನ ಮೆಷಿನ್ ನಿಲ್ಲಿಸಿ, ಒಂದು ಕಣ್ಣು ಮುಚ್ಚಿ ನೋಡಿ, ಹಳೆಯ ಲೆಕ್ಕಕ್ಕೆ ತಿರುಗಿಸಿ ಹೇಳಿದಳು: “ಹನ್ನೆರಡು ಸರಪಳಿ, ನಾಲ್ಕು ಕೊಂಡಿ.”

“ನಾಲ್ಕು ಕೊಂಡಿ ಎಲ್ಲಿಂದ ಬಂತು?” ಎಂದು ಸರಪಳಿಯಣ್ಣ ಹುಬ್ಬು ಗಂಟಿಕ್ಕಿದ. ಇಷ್ಟೆಲ್ಲ ರಾದ್ಧಾಂತದ ನಡುವೆ ಅವನಿಗೆ ಅದೊಂದು ಕೊರಗು.

ಅಧಿಕಾರಿ ಪೊದೆ ಸರಿಸಿ ನೋಡಿದರು. ಸವೆದ ಕಲ್ಲಿನ ಮೆಟ್ಟಿಲು, ಅದರ ಬುಡದಲ್ಲಿ ತಿಳಿನೀರು. ಮೊನ್ನೆ ತೋಡಿದ ಗುಂಡಿಗೆ ಮೆಟ್ಟಿಲು ಸವೆಯುವುದಿಲ್ಲ. ವಕೀಲ ಫೋನು ನೋಡತೊಡಗಿದ. ನಕ್ಷೆ ತಿದ್ದುವವರೆಗೂ ಕ್ವಾರಿ ಕೆಲಸಕ್ಕೆ ತಡೆ ಎಂದು ಅಧಿಕಾರಿ ಅಲ್ಲೇ ನಿಂತು ಬರೆಸಿದರು.

“ನಕ್ಷೆಯಲ್ಲಿ ಏನಂತ ಹೆಸರು ಹಾಕ್ಲಿ?” ಎಂದು ಹುಡುಗಿ ಕೇಳಿದಳು.

ಸರಪಳಿಯಣ್ಣ ಅಕ್ಕನ ಮುಖ ನೋಡಿದ. ಅಕ್ಕ ಸಣ್ಣಗೆ ತಲೆಯಾಡಿಸಿದಳು, ಬೇಡ ಎಂದು.

“‘ನೀರು’ ಅಂತ ಬರ್ಕೊಳ್ಳಮ್ಮ. ಹೆಸರು ನಮ್ಮ ಹತ್ರ ಇರ್ಲಿ” ಎಂದ.

ಜನ ಇಳಿದು ಹೋಗತೊಡಗಿದರು. ಅಕ್ಕ ಮಾತ್ರ ಒಂದೊಂದೇ ಮೆಟ್ಟಿಲು ಇಳಿದು, ಮಂಡಿಯೂರಿ, ಬೊಗಸೆ ತುಂಬಾ ನೀರು ಎತ್ತಿಕೊಂಡಳು. ತಾನು ಕುಡಿಯಲಿಲ್ಲ. ಬೆರಳ ಸಂದಿಯಿಂದ ಸೋರುತ್ತಿದ್ದ ಬೊಗಸೆಯನ್ನು ತಮ್ಮನ ಬಾಯಿಯ ಹತ್ತಿರ ಹಿಡಿದಳು.

“ಕುಡಿಯೋ,” ಎಂದಳು. “ಸೋರಿ ಹೋಗ್ತಿದೆ.”